ಕೂಸು ಹುಟ್ಟುವ ಮುನ್ನ ಕುಲಾವಿ: ಚೊಚ್ಚಲ ಮಗುವಿಗೆ ಕೊಳ್ಳಬೇಕಾದುದೆಷ್ಟು?

ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಅತ್ಯಾತುರವನ್ನು ಹಂಗಿಸಲು ಹುಟ್ಟಿದ ಈ ಮಾತು ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳಲ್ಲಿ ಇಂದು ಅಕ್ಷರಶಃ ನಡೆಯುವ ವ್ಯವಹಾರವಾಗಿದೆ. ವೈದ್ಯರು ಶುಭವಾರ್ತೆಯನ್ನು ಖಚಿತಪಡಿಸಿದ ವಾರದಲ್ಲಿಯೇ ಮೊಬೈಲಿನ ಪರದೆಯ ಮೇಲೆ ತೊಟ್ಟಿಲು, ಪ್ರಾಮ್, ವಾಕರ್, ಹಾಲಿನ ಬಾಟಲಿ ಬಿಸಿ ಮಾಡುವ ಯಂತ್ರ ಇವುಗಳ ಮೆರವಣಿಗೆ ಆರಂಭವಾಗುತ್ತದೆ. ಆ ಮೆರವಣಿಗೆಯಲ್ಲಿ ಕೆಲಕಾಲ ನಾವೂ ಸಾಗಿದವರೇ. ಚೊಚ್ಚಲ ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳಿಗೆ ಉಪಯೋಗವಾದೀತೆಂಬ ಭಾವನೆಯಿಂದ ನಮ್ಮ ಅನುಭವವನ್ನೂ ಆ ಸಂದರ್ಭದಲ್ಲಿ ತಿಳಿದುಕೊಂಡ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಿಬ್ಬರಲ್ಲಿ ಒಬ್ಬರ ತವರು ಧಾರವಾಡ; ಇನ್ನೊಬ್ಬರ ಮೂಲ ಕುಂದಾಪುರ. ಸಂಸಾರ ಡೊಂಬಿವಲಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಒಂದೇ ಮಲಗುವ ಕೋಣೆಯಿರುವ ಮನೆಯಲ್ಲಿ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆಂದು ಬಂದ ಧಾರವಾಡದ ಅವ್ವನಿಗೆ ನಾವು ಸಿದ್ಧಪಡಿಸಿದ್ದ 43 ವಸ್ತುಗಳ ಪಟ್ಟಿಯನ್ನು ತೋರಿಸಿದೆವು. ಅವರು ಅದನ್ನು ಪೂರ್ತಿ ಓದಿ, ಮಡಚಿ, ಮರಳಿ ಕೈಗಿತ್ತರು. "ಮೊದ್ಲ ಕೂಸು ಕೈಗೆ ಬರ್ಲಿ ಯವ್ವಾ. ಆಮ್ಯಾಲೆ ಏನ್ ಬೇಕಾದ್ದ್ ತರೋಣಂತ" ಎಂದಷ್ಟೇ ಹೇಳಿದರು. ಹಳೆಯ ಕಾಲದ ನಂಬಿಕೆಯೆಂದು ನಾವು ಒಳಗೊಳಗೇ ನಕ್ಕೆವು. ಅವರ ಮೊದಲ ಮಗು ಎಂಟು ದಿನಗಳಷ್ಟೇ ಬದುಕಿತ್ತೆಂಬುದೂ, ಅದಕ್ಕಾಗಿ ಹೊಲಿದಿಟ್ಟಿದ್ದ ಕುಂಚಿಗೆಯನ್ನು ಅವರು ಆಮೇಲೆ ಟ್ರಂಕಿನಿಂದ ಹೊರಗೆ ತೆಗೆದೇ ಇಲ್ಲವೆಂಬುದೂ ಅಂದು ರಾತ್ರಿಯಷ್ಟೇ ನಮಗೆ ತಿಳಿಯಿತು. 1971ರಲ್ಲಿ ನಮ್ಮ ದೇಶದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳ ಪೈಕಿ 129 ಶಿಶುಗಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಹುಟ್ಟುವ ಮೊದಲು ಏನನ್ನೂ ಕೊಳ್ಳಬಾರದೆಂಬ ಹಿರಿಯರ ಮಾತಿನ ಹಿಂದೆ ಎಷ್ಟು ಮನೆಗಳ ದುಃಖ ಅಡಗಿದೆಯೆಂಬುದು ಈ ಅಂಕಿಗಳನ್ನು ನೋಡಿದರೆ ಅರ್ಥವಾಗುತ್ತದೆ.

ಹಾಗಾಗಿ ಅವ್ವನ ಮಾತನ್ನು ಮೀರದೆ, ಅಗತ್ಯವನ್ನೂ ಬಿಡದೆ ಒಂದು ದಾರಿ ಹುಡುಕಿದೆವು. ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬೇಕಾದುದನ್ನು ಮಾತ್ರ ಮೊದಲೇ ತಂದಿಡುವುದು. ಉಳಿದವನ್ನು ಆರಿಸಿಟ್ಟು, ಮಗು ಹುಟ್ಟಿದ ಮೇಲೆ ತರಿಸುವುದು. ಪುಣೆಯಲ್ಲಿ 2010ರಲ್ಲಿ ಆರಂಭವಾದ ಫಸ್ಟ್‌ಕ್ರೈಯಂಥ ಮಳಿಗೆಗಳೂ ಇತರ ಅಂತರ್ಜಾಲ ಅಂಗಡಿಗಳೂ ಮಹಾನಗರಗಳಲ್ಲಿ ಒಂದೆರಡು ದಿನಗಳಲ್ಲೇ ವಸ್ತುಗಳನ್ನು ಮನೆಗೆ ತಲುಪಿಸುತ್ತಿರುವುದರಿಂದ ಇದೇನೂ ಕಷ್ಟವಲ್ಲ. ಇದರಿಂದ ಆದ ಇನ್ನೊಂದು ಲಾಭವನ್ನು ನಾವು ನಿರೀಕ್ಷಿಸಿರಲಿಲ್ಲ. ಮಗು ಬಂದ ಮೇಲೆ ನೋಡಿದರೆ ಪಟ್ಟಿಯಲ್ಲಿದ್ದ ಅರ್ಧಕ್ಕಿಂತ ಹೆಚ್ಚು ವಸ್ತುಗಳ ಅವಶ್ಯಕತೆಯೇ ಬೀಳಲಿಲ್ಲ.

ಆಸ್ಪತ್ರೆಯ ಚೀಲ ಒಂಬತ್ತನೆಯ ತಿಂಗಳ ಆರಂಭಕ್ಕೆ ಸಿದ್ಧವಿರಬೇಕು. ಮುಂದುಗಡೆ ತೆರೆದುಕೊಳ್ಳುವ, ಗುಂಡಿಯ ಬದಲು ಕಸೆಯಿರುವ ಆರೆಂಟು ಹತ್ತಿಯ ಜಬಲಾಗಳು, ಎರಡು ಡಜನ್ ಲಂಗೋಟಿಗಳು, ಎರಡು ಕುಲಾವಿ, ಕಾಲುಚೀಲ, ಸುತ್ತಲು ಮಲ್‌ಮಲ್ ಬಟ್ಟೆಯ ನಾಲ್ಕಾರು ತುಂಡುಗಳು, ಮೆತ್ತನೆಯ ಟವೆಲ್ ಇಷ್ಟಿದ್ದರೆ ಸಾಕು. ಸಿದ್ಧ ಉಡುಪುಗಳ ಬೆಲೆ ನೋಡಿ ಬೆದರಿದವರು ಮಂಗಳದಾಸ ಮಾರ್ಕೆಟಿಗೆ ಹೋಗಿ ಮೀಟರು ಲೆಕ್ಕದಲ್ಲಿ ಮಲ್‌ಮಲ್ ತಂದು ತುಂಡರಿಸಿ ಅಂಚು ಹೊಲಿಸಿಕೊಳ್ಳಬಹುದು. ನಾವು ಮಾಡಿದ್ದು ಅದನ್ನೇ. ಹೊಸ ಬಟ್ಟೆಯ ಗಂಜಿ ಮತ್ತು ಬಣ್ಣ ಶಿಶುವಿನ ತ್ವಚೆಗೆ ಒಗ್ಗುವುದಿಲ್ಲವಾದ್ದರಿಂದ ಎಲ್ಲವನ್ನೂ ಎರಡು ಬಾರಿ ಒಗೆದು ಬಿಸಿಲಿಗೆ ಒಣಗಿಸಬೇಕು. ಹುಟ್ಟಿದ ಮಗುವಿಗೆ ಮೊದಲು ಹಳೆಯ ಬಟ್ಟೆಯನ್ನೇ ತೊಡಿಸುವ ನಮ್ಮ ಪದ್ಧತಿಗೂ ಇದಕ್ಕೂ ಏನು ನಂಟು ಎಂಬುದನ್ನು ಬೇರೆ ಹೇಳಬೇಕಿಲ್ಲ. ನವಜಾತ ಅಳತೆಯ ಬಟ್ಟೆಗಳನ್ನು ರಾಶಿ ಹಾಕಬಾರದು. ಹುಟ್ಟುವಾಗ ಇದ್ದ ತೂಕ ಐದು ತಿಂಗಳ ಸುಮಾರಿಗೆ ಇಮ್ಮಡಿಯಾಗುತ್ತದೆ, ವರ್ಷ ತುಂಬುವಾಗ ಮೂರು ಪಟ್ಟಾಗುತ್ತದೆ. ನಮಗೆ ಉಡುಗೊರೆಯಾಗಿ ಬಂದ ಹನ್ನೊಂದು ಉಡುಪುಗಳ ಪೈಕಿ ಐದನ್ನು ಮಗುವಿಗೆ ಒಮ್ಮೆಯೂ ತೊಡಿಸಲಾಗಲಿಲ್ಲ.

ಲಂಗೋಟಿಯೋ ಡೈಪರೋ ಎಂಬ ವಾದ ಪ್ರತಿ ಮನೆಯಲ್ಲೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಇತ್ಯರ್ಥಗೊಳಿಸಿದ್ದು ಮಳೆಗಾಲ. ಜುಲೈ ತಿಂಗಳ ಮುಂಬಯಿಯಲ್ಲಿ ಲಂಗೋಟಿ ಒಣಗುವುದೆಂಬುದು ಸುಳ್ಳು. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಕೊನೆಗೆ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದ್ದೂ ಉಂಟು. ನವಜಾತ ಶಿಶುವಿಗೆ ದಿನಕ್ಕೆ ಎಂಟು ಹತ್ತು ಬಾರಿ ಬದಲಿಸಬೇಕಾಗುತ್ತದೆ. ಹಗಲಿಗೆ ಲಂಗೋಟಿ, ರಾತ್ರಿಗೂ ಹೊರಗೆ ಹೋಗುವಾಗಲೂ ಡೈಪರು ಎಂಬ ಒಪ್ಪಂದಕ್ಕೆ ಬಂದೆವು. ಡೈಪರನ್ನು ಮೊದಲಿಗೆ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ. ಯಾವ ಮಗುವಿಗೆ ಯಾವುದು ದದ್ದು ತರುತ್ತದೆಯೆಂದು ಮೊದಲೇ ಹೇಳಲಾಗದು. ಬಳಸಿದ ಡೈಪರುಗಳನ್ನು ಭದ್ರವಾಗಿ ಸುತ್ತಿಯೇ ಕಸಕ್ಕೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದವು. ನಮ್ಮ ಸೊಸೈಟಿಯ ಕಸ ವಿಂಗಡಿಸುವ ಹೆಣ್ಣುಮಕ್ಕಳನ್ನು ನೆನೆದರೆ ಇದಕ್ಕೆ ನಿಯಮವೂ ಬೇಕಿರಲಿಲ್ಲ.

ಇನ್ನು ಮಗು ಮಲಗುವ ಜಾಗ. ಹಣವನ್ನೂ ಗಮನವನ್ನೂ ಅತಿ ಹೆಚ್ಚು ಕೊಡಬೇಕಾದುದು ಇಲ್ಲಿಯೇ ಎಂಬುದು ನಮ್ಮ ದೃಢ ಅಭಿಪ್ರಾಯ. ಒಂದು ವರ್ಷದೊಳಗಿನ ಶಿಶುವನ್ನು ಅಂಗಾತವಾಗಿಯೇ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಬಳಿಯಿರಬಾರದು. ಕನಿಷ್ಠ ಆರು ತಿಂಗಳು ತಂದೆತಾಯಿಯರ ಕೋಣೆಯಲ್ಲಿಯೇ, ಆದರೆ ಪ್ರತ್ಯೇಕ ಹಾಸಿಗೆಯ ಮೇಲೆ ಮಲಗಿಸುವುದು ಒಳ್ಳೆಯದು ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ತನ್ನ ಸೂಚನೆಗಳಲ್ಲಿ ಹೇಳಿದೆ. ಕಾರಣ ಸರಳ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಮುಖಕ್ಕೆ ಅಡ್ಡ ಬಂದುದನ್ನು ಸರಿಸುವ ಶಕ್ತಿಯಿಲ್ಲ, ಎದೆಗೊತ್ತಿದ ಗಲ್ಲವನ್ನು ಎತ್ತಿಕೊಳ್ಳುವ ಶಕ್ತಿಯೂ ಇಲ್ಲ. ಅಂಗಡಿಗಳಲ್ಲಿ ದಿಂಬು, ಪಕ್ಕದಿಂಬು, ಸೊಳ್ಳೆಪರದೆ ಎಲ್ಲವೂ ಕೂಡಿದ ಅಲಂಕೃತ ಹಾಸಿಗೆಯ ಸೆಟ್ಟನ್ನೇ ಮೊದಲು ತೋರಿಸುತ್ತಾರೆ. ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಸೊಳ್ಳೆಪರದೆ. ಮಲೇರಿಯಾ, ಡೆಂಗಿಗಳ ಈ ನಗರದಲ್ಲಿ ಅದಿಲ್ಲದೆ ಆಗದು.

ತೊಟ್ಟಿಲಿನ ವಿಷಯ ಬಂದಾಗ ಕುಂದಾಪುರದ ಅಮ್ಮ ಮನೆತನದ ಮರದ ತೊಟ್ಟಿಲನ್ನು ಬಸ್ಸಿಗೆ ಹಾಕಿ ಕಳುಹಿಸಿಕೊಟ್ಟರು. ಮೂರು ತಲೆಮಾರು ಮಲಗಿದ ತೊಟ್ಟಿಲು. ಆದರೆ ಊರಿನ ಮನೆಯ ಅಟ್ಟದ ತೊಲೆಗಿದ್ದ ಕೊಂಡಿ ಇಲ್ಲಿನ ಸ್ಲ್ಯಾಬಿಗೆ ಎಲ್ಲಿಂದ ಬರಬೇಕು? ಸೀಲಿಂಗಿಗೆ ಹೊಸದಾಗಿ ಕೊಂಡಿ ಹಾಕಿಸುವವರು ಅಲಂಕಾರದ ಪದರಕ್ಕೆ ಹಾಕಿಸಿ ಮೋಸಹೋಗಬಾರದು. ಕಾಂಕ್ರೀಟಿನೊಳಗೇ ಭದ್ರವಾಗಿ ಕೂರಬೇಕು. ನಾವು ಕಬ್ಬಿಣದ ಸ್ಟ್ಯಾಂಡಿಗೆ ಅದನ್ನು ತೂಗುಹಾಕಿ ನಾಮಕರಣವನ್ನು ಅದರಲ್ಲೇ ನೆರವೇರಿಸಿದೆವು. ಹಗಲಿನ ಹೊತ್ತು ನಾವು ಎದುರಿಗಿರುವಾಗ ತೂಗುವುದಕ್ಕೂ ಅದು ಒದಗಿತು. ರಾತ್ರಿಯ ದೀರ್ಘ ನಿದ್ರೆಗೆ ಮಾತ್ರ ಅಲುಗದ ಕಟಕಟೆ ಮಂಚವನ್ನು ತಂದೆವು. ಮಗು ಮಗುಚಿಕೊಳ್ಳಲು ಅಥವಾ ಕೈಯೂರಿ ಏಳಲು ತೊಡಗಿದ ದಿನದಿಂದ ತೂಗುತೊಟ್ಟಿಲನ್ನು ನಿಲ್ಲಿಸಲೇಬೇಕು. ಸೀರೆಯ ಜೋಳಿಗೆಯಲ್ಲಿ ಮಗುವಿನ ಬೆನ್ನು ಬಾಗಿ ಗಲ್ಲ ಎದೆಗೆ ತಾಗುವುದರಿಂದ ಅದನ್ನು ನಿದ್ರೆಯ ಸ್ಥಳವಾಗಿ ಬಳಸದಿರುವುದು ಒಳ್ಳೆಯದು. ನಮ್ಮಲ್ಲಿ ಬಹುಮಂದಿ ಜೋಳಿಗೆಯಲ್ಲೇ ಬೆಳೆದವರೆಂಬುದು ನಿಜವೇ ಆದರೂ.

ಕಟಕಟೆ ಮಂಚವನ್ನು ಕೊಳ್ಳುವಾಗ ಬಣ್ಣಕ್ಕಿಂತ ಅಳತೆ ನೋಡಿ. ಸರಳುಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಮಾಮೂಲಿ ತಂಪು ಪಾನೀಯದ ಡಬ್ಬಿ ಅದರ ನಡುವೆ ತೂರಿದರೆ ಆ ಮಂಚ ಬೇಡ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಒಂದು ಬದಿಯನ್ನು ಕೆಳಗೆ ಜಾರಿಸುವ ಮಂಚಗಳನ್ನು ಅಮೆರಿಕದಲ್ಲಿ 2011ರಿಂದ ಮಾರುವಂತಿಲ್ಲ. ಬದಿ ಕಳಚಿಕೊಂಡಾಗ ಉಂಟಾಗುವ ಸಂದಿನಲ್ಲಿ ಶಿಶುಗಳು ಸಿಲುಕಿ ಸತ್ತ ಪ್ರಕರಣಗಳೇ ಅದಕ್ಕೆ ಕಾರಣ. ನಮ್ಮ ಅಂಗಡಿಗಳಲ್ಲಿ ಅಂಥವು ಕಂಡರೆ, ಅನುಕೂಲಕರವೆಂದು ಅಂಗಡಿಯವರು ಎಷ್ಟೇ ಹೊಗಳಿದರೂ, ಬಿಟ್ಟುಬಿಡಿ.

ಇಲ್ಲಿ ಸಾಸಿವೆ ದಿಂಬಿನ ಪ್ರಸಂಗವನ್ನು ಹೇಳಲೇಬೇಕು. ತಲೆ ಗುಂಡಗಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬನ್ನು ಇಡುವ ರೂಢಿ ನಮ್ಮಲ್ಲೂ ಮರಾಠಿಗರಲ್ಲೂ ಸಮಾನವಾಗಿದೆ. ಬಾಣಂತನಕ್ಕೆ ಬಂದ ಅವ್ವ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ತಾವೇ ಹೊಲಿದ ದಿಂಬನ್ನು ತಂದಿದ್ದರು. ದಿಂಬು ಬೇಡವೆಂದು ಮಕ್ಕಳ ತಜ್ಞರು ಮೊದಲ ಭೇಟಿಯಲ್ಲೇ ಖಂಡಿತವಾಗಿ ಹೇಳಿದ್ದರು; ತಲೆ ತಾನಾಗಿಯೇ ದುಂಡಗಾಗುತ್ತದೆ, ಎಚ್ಚರವಿರುವಾಗ ಮಗುವನ್ನು ಕೆಲಹೊತ್ತು ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ ಎಂಬುದು ಅವರ ಸಲಹೆ. ಹೊಲಿಗೆ ಬಿಚ್ಚಿದರೆ ಸಾಸಿವೆ ಮೂಗು ಬಾಯಿಗಳಿಗೆ ಸೇರುವ ಭಯ ಬೇರೆ. ಒಂದು ಕೂಸನ್ನು ಕಳೆದುಕೊಂಡ ತಾಯಿಗೆ, ನೀವು ಹೊಲಿದ ದಿಂಬು ಅಪಾಯಕಾರಿ ಎಂದು ಹೇಳುವುದು ಹೇಗೆ? ಎರಡು ದಿನ ನಾವು ಕದ್ದುಮುಚ್ಚಿ ದಿಂಬು ತೆಗೆಯುವುದು, ಅವರು ಮತ್ತೆ ತಂದಿಡುವುದು ನಡೆಯಿತು. ಮೂರನೆಯ ದಿನ ಅವರನ್ನೇ ಆಸ್ಪತ್ರೆಗೆ ಕರೆದೊಯ್ದು ವೈದ್ಯರ ಎದುರು ಕೂರಿಸಿದೆವು. ವೈದ್ಯರು ಮರಾಠಿಯಲ್ಲಿ ವಿವರಿಸಿದರು. ಅವ್ವ ಮೌನವಾಗಿ ಕೇಳಿದರು. ಮನೆಗೆ ಬಂದವರೇ ದಿಂಬಿನ ಹೊಲಿಗೆ ಬಿಚ್ಚಿ, ಒಂದು ಮುಷ್ಟಿ ಸಾಸಿವೆಯಿಂದ ಮಗುವಿಗೆ ದೃಷ್ಟಿ ತೆಗೆದು, ಉಳಿದುದನ್ನು ಒಗ್ಗರಣೆಯ ಡಬ್ಬಿಗೆ ಸುರಿದರು. ಮತ್ತೆ ಆ ಮಾತು ಎತ್ತಲಿಲ್ಲ. ಇಂಥ ಸಂಗತಿಗಳನ್ನು ಮಕ್ಕಳು ಹೇಳುವುದಕ್ಕಿಂತ ವೈದ್ಯರ ಬಾಯಿಂದ ಹಿರಿಯರು ನೇರವಾಗಿ ಕೇಳುವುದೇ ಉಚಿತವೆಂದು ಅಂದು ಕಂಡುಕೊಂಡೆವು.

ಅವ್ವ ತಂದ ಕೌದಿಯನ್ನು ಮಾತ್ರ ನಾವು ಎಲ್ಲ ಬಗೆಯಿಂದಲೂ ಬಳಸಿದೆವು. ಹೊದಿಸಲು ಅದು ಭಾರ; ನೆಲಕ್ಕೆ ಹಾಸಿ ಮಗುವನ್ನು ಆಡಿಸಲು ಅದರಂಥ ವಸ್ತು ಬೇರೆಯಿಲ್ಲ. ಮೂರು ಸಾವಿರ ರೂಪಾಯಿಗಳ ಆಟದ ಚಾಪೆಯನ್ನು ನಾವು ಆಗಲೇ ಕೊಂಡುಬಿಟ್ಟಿದ್ದೆವೆಂಬುದು ವಿಷಾದದ ಸಂಗತಿ.

ಹಾಲೂಡಿಸುವ ಸಾಮಗ್ರಿಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ನಮ್ಮ ದೇಶದಲ್ಲಿ 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿಯ ಪ್ರಕಾರ ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ನೀಡುವುದೇ ಅಪರಾಧ. ಆದ್ದರಿಂದ ಹೆರಿಗೆಗೆ ಮುನ್ನ ಬಾಟಲಿ, ಅದನ್ನು ಕುದಿಸುವ ಯಂತ್ರ, ಬಿಸಿ ಮಾಡುವ ಯಂತ್ರ ಇವನ್ನೆಲ್ಲ ಜೋಡಿಸಿಡುವುದು ಅನವಶ್ಯಕ. ಹಿಂಡಿದ ಹಾಲನ್ನು ಕುಡಿಸಬೇಕಾಗಿ ಬಂದರೆ ನಮ್ಮ ಅಜ್ಜಿಯರ ಒಳಲೆ ಇದೆ. ಸ್ಟೀಲಿನ ಒಳಲೆಯನ್ನು ಹತ್ತು ನಿಮಿಷ ಕುದಿಸಿದರೆ ಶುದ್ಧವಾಗುತ್ತದೆ, ಬಾಟಲಿಯ ಮೂಲೆಗಳಂತೆ ಕೊಳೆ ಉಳಿಯುವ ಜಾಗವಿಲ್ಲ. ಉದ್ಯೋಗಕ್ಕೆ ಮರಳುವ ತಾಯಂದಿರು ಹಾಲು ಹಿಂಡುವ ಪಂಪನ್ನು ಆಗ ಕೊಂಡರೆ ಸಾಕು. ಬಾಟಲಿ ಅನಿವಾರ್ಯವಾದರೆ ಸ್ಟೀಲು ಅಥವಾ ಗಾಜಿನದು ಮೇಲು. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಬಾಟಲಿಗಳಿಗೆ ಭಾರತೀಯ ಮಾನಕ ಬ್ಯೂರೋ 2015ರ ಮಾನಕದಲ್ಲಿ ಅವಕಾಶ ನೀಡಿಲ್ಲ. ದಿನ ತುಂಬದೆ ಹುಟ್ಟಿದ ಶಿಶುಗಳ ತಾಯಂದಿರು ಎದೆಗುಂದಬಾರದು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಆರಂಭವಾದುದು ನಮ್ಮ ಸಾಯನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿಯೇ.

ಪಟ್ಟಿಯಲ್ಲಿ ನಮ್ಮ ಅತಿ ದೊಡ್ಡ ತಪ್ಪು ಪ್ರಾಮ್. ಅವ್ವನ ಮಾತನ್ನು ಮೀರಿ, ರಿಯಾಯಿತಿಯ ಆಸೆಗೆ ಬಿದ್ದು, 11,500 ರೂಪಾಯಿ ಕೊಟ್ಟು ಎಂಟನೆಯ ತಿಂಗಳಲ್ಲೇ ತಂದೆವು. ಅಂಗಡಿಯ ನುಣುಪು ನೆಲದ ಮೇಲೆ ಅದು ನದಿಯಲ್ಲಿ ದೋಣಿಯಂತೆ ಸಾಗಿತ್ತು. ಮನೆಗೆ ತಂದಾಗ ನಮ್ಮ ಕಟ್ಟಡದ ಲಿಫ್ಟಿನ ಬಾಗಿಲಿಗಿಂತ ಅದು ನಾಲ್ಕು ಬೆರಳು ಅಗಲವೆಂಬುದು ತಿಳಿಯಿತು. ಹೊರಗೆ ಕಾಲುದಾರಿಯಲ್ಲಿ ವಡಾಪಾವಿನ ಗಾಡಿ, ಅಗೆದ ಗುಂಡಿ, ನಿಲ್ಲಿಸಿದ ಬೈಕು. ಲೋಕಲ್ ರೈಲಿನ ಮಾತಂತೂ ಬೇಡ. ಹಿಂದಿರುಗಿಸಲು ಹೋದಾಗ, ರಿಯಾಯಿತಿಯ ಮಾಲನ್ನು ಮರಳಿ ಪಡೆಯುವುದಿಲ್ಲವೆಂದು ಅಂಗಡಿಯವರು ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ವಿಶಾಲ ಆವರಣವಿರುವ ಹೊಸ ಸಂಕೀರ್ಣಗಳ ನಿವಾಸಿಗಳಿಗೆ ಪ್ರಾಮ್ ಉಪಯುಕ್ತವಿರಬಹುದು. ನಮ್ಮಂಥವರಿಗೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರೇ ಸೂಕ್ತ. ಅದರಲ್ಲಿ ಮಗುವಿನ ಮುಖ ಸದಾ ಕಾಣುವಂತಿರಬೇಕು, ತಲೆ ನಾವು ಬಗ್ಗಿ ಮುತ್ತಿಡುವಷ್ಟು ಎತ್ತರದಲ್ಲಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ಮೊಣಕಾಲುಗಳು ಪೃಷ್ಠಕ್ಕಿಂತ ಮೇಲಿದ್ದು ತೊಡೆಗಳಿಗೆ ಪೂರ್ಣ ಆಧಾರವಿರಬೇಕು. ಕಾಲುಗಳು ನೇರವಾಗಿ ಜೋತಾಡುವ ಅಗ್ಗದ ಕ್ಯಾರಿಯರುಗಳು ಎಳೆಯ ಸೊಂಟದ ಕೀಲಿಗೆ ಹಿತವಲ್ಲ.

ಕಾರಿರುವ ಕುಟುಂಬಗಳು ಪ್ರಾಮಿಗೆ ಸುರಿಯುವ ಹಣವನ್ನು ಕಾರಿನ ಶಿಶು ಆಸನಕ್ಕೆ ವಿನಿಯೋಗಿಸುವುದು ವಿವೇಕ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಶಿಶು ಆಸನದ ರಕ್ಷಣೆಯಿಲ್ಲದೆ ಒಯ್ದರೆ ಸಾವಿರ ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಹೇಳುತ್ತದೆ. ಆದರೂ ಆಸ್ಪತ್ರೆಯಿಂದ ಕೂಸನ್ನು ಅಜ್ಜಿಯ ಮಡಿಲಿನಲ್ಲಿ, ಅದೂ ಮುಂದಿನ ಸೀಟಿನಲ್ಲಿ, ಕರೆತರುವುದನ್ನು ನಾವು ನಿತ್ಯ ಕಾಣುತ್ತೇವೆ. ಡಿಕ್ಕಿಯಾದಾಗ ಮಗುವನ್ನು ಹಿಡಿದಿಟ್ಟುಕೊಳ್ಳುವ ಬಲ ಯಾರ ತೋಳಿಗೂ ಇಲ್ಲ. ಶಿಶು ಆಸನವನ್ನು ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕೂರಿಸಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಅದನ್ನು ಎಂದೂ ಒಯ್ಯಬಾರದು. ಕೊಳ್ಳುವ ಮೊದಲು ನಿಮ್ಮ ಕಾರಿನಲ್ಲೇ ಕೂರಿಸಿ ನೋಡಿ, ಬೆಲ್ಟಿನ ಉದ್ದ ಎಲ್ಲ ಕಾರುಗಳಲ್ಲೂ ಸಾಲುವುದಿಲ್ಲ. ಪರಿಚಿತರಿಂದ ತೊಟ್ಟಿಲು, ಮಂಚ, ಬಟ್ಟೆಗಳನ್ನು ಧಾರಾಳವಾಗಿ ಪಡೆಯಿರಿ. ಅಪಘಾತದಲ್ಲಿ ಸಿಕ್ಕಿತ್ತೇ ಎಂಬುದು ತಿಳಿಯದ ಹಳೆಯ ಶಿಶು ಆಸನವನ್ನು ಮಾತ್ರ ಬೇಡ. ದ್ವಿಚಕ್ರ ವಾಹನದಲ್ಲಿ ಮಕ್ಕಳಿಗೆ ಹೆಲ್ಮೆಟ್ಟನ್ನು ವಿಧಿಸಿದ 2022ರ ನಿಯಮ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದಕ್ಕಿಂತ ಚಿಕ್ಕ ಕೂಸಿದ್ದರೆ ಸ್ಕೂಟರನ್ನು ಮನೆಯಲ್ಲಿ ಬಿಟ್ಟು ರಿಕ್ಷಾ ಹಿಡಿಯುವುದೇ ಲೇಸು.

ವಾಕರನ್ನು ಯಾರಾದರೂ ಉಡುಗೊರೆ ಕೊಟ್ಟೇ ಕೊಡುತ್ತಾರೆ. ನಮಗೆ ಎರಡು ಬಂದವು. ಕೆನಡಾ ದೇಶ 2004ರಲ್ಲಿ ಇದರ ಮಾರಾಟ, ಆಮದು, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ಚಕ್ರಗಳ ಮೇಲಿನ ಮಗು ಕ್ಷಣಾರ್ಧದಲ್ಲಿ ಮೆಟ್ಟಿಲಿಗೋ ಬಿಸಿನೀರಿನ ಬಕೆಟ್ಟಿಗೋ ತಲುಪುತ್ತದೆ. ನಡಿಗೆಯಾದರೂ ಬೇಗ ಬರುವುದೇ ಎಂದರೆ ಅದೂ ಇಲ್ಲ. ಮಗು ಹಿಂದೆ ನಿಂತು ತಾನೇ ತಳ್ಳುವ ಮರದ ಮೂರು ಗಾಲಿಯ ಗಾಡಿ, ಮರಾಠಿಗರ ಪಾಂಗುಳಗಾಡಾ, ಬೇರೆಯೇ ವಸ್ತು. ನಿಲ್ಲಲು ಕಲಿತ ಮಗುವಿಗೆ, ದೊಡ್ಡವರ ಕಣ್ಣೆದುರಿನಲ್ಲಿ, ಅದು ಇರಲಿ.

ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿದ, ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೆ ಇದರಿಂದ ವಿನಾಯಿತಿಯಿದ್ದು, ನಮ್ಮ ಚನ್ನಪಟ್ಟಣದ ಅರಗಿನ ಗೊಂಬೆಗಳು ಆ ವರ್ಗಕ್ಕೆ ಸೇರುತ್ತವೆ. ಮುದ್ರೆಯಿಲ್ಲವೆಂಬ ಮಾತ್ರಕ್ಕೆ ಅವನ್ನು ಸಂಶಯಿಸಬೇಕಿಲ್ಲ. ಆದರೆ ಚನ್ನಪಟ್ಟಣದ್ದೆಂದು ರೈಲು ನಿಲ್ದಾಣದ ಹೊರಗೆ ಮಾರುವುದೆಲ್ಲ ಅಲ್ಲಿಯದಲ್ಲ. ರಸೀದಿ ಕೊಡುವ ಕರಕುಶಲ ಮಳಿಗೆಯಿಂದಲೇ ತರಿಸಿ. ಕಿಲಕಿಲ ಸದ್ದು ಮಾಡುವ ಒಂದು ಗಿಲಕಿ ಮೊದಲ ಆರು ತಿಂಗಳಿಗೆ ಯಥೇಚ್ಛ.

ಕೊನೆಗೆ ಲೆಕ್ಕ ಹಾಕಿದಾಗ 43ರ ಪೈಕಿ ನಿಜಕ್ಕೂ ಬಳಕೆಯಾದವು 17. ಪ್ರಾಮನ್ನು ಠಾಣೆಯ ಕುಟುಂಬವೊಂದಕ್ಕೆ 4,000 ರೂಪಾಯಿಗಳಿಗೆ ಮಾರಿದೆವು. ಅವರ ಕಟ್ಟಡದ ಲಿಫ್ಟಿನ ಬಾಗಿಲನ್ನು ಅಳೆದೇ ಬರಬೇಕೆಂದು ಮುಂಚಿತವಾಗಿ ಹೇಳಿದ್ದೆವು. ಕುಂದಾಪುರದ ತೊಟ್ಟಿಲು, ಸರಪಳಿಗಳನ್ನು ಹೊಸದಾಗಿ ಬದಲಿಸಿಕೊಂಡು, ಈಗ ಕುಟುಂಬದ ಇನ್ನೊಂದು ಮನೆಯಲ್ಲಿದೆ. ನಾಮಕರಣದ ದಿನ ಅವ್ವ ತಮ್ಮ ಟ್ರಂಕಿನ ತಳದಿಂದ ತಂದಿದ್ದ ಕುಂಚಿಗೆಯನ್ನು, ಮೂರು ಬಾರಿ ಒಗೆದು ಒಣಗಿಸಿ, ಮಗುವಿಗೆ ತೊಡಿಸಿದರು. ಮುಂಬಯಿಯ ಸೆಕೆಗೆ ಮಗು ಕೆಂಪಾಗಿ ಅಳತೊಡಗಿದ್ದರಿಂದ ಹತ್ತು ನಿಮಿಷಗಳಲ್ಲೇ ಅವರೇ ಅದನ್ನು ತೆಗೆದು ಮಡಚಿಟ್ಟರು. ಫೋಟೋ ತೆಗೆದುಕೊಳ್ಳಲು ಅಷ್ಟು ಸಮಯ ಸಾಕಾಯಿತು.